ಹುರುಪೆಯ ಬಳೆ, ಮಲಪ್ರಭೆಯ ವರ್ಷ: ಮೀನಿನ ವಯಸ್ಸು ಗೊತ್ತುಮಾಡುವ ಬಗೆಗೊಂದು ಟಿಪ್ಪಣಿ

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಜಾತ್ರೆಯ ಜೊತೆಗೆ ದನದ ಸಂತೆಯೂ ಕೂಡುತ್ತದೆ. ಎತ್ತು ಕೊಳ್ಳಲು ಬಂದವರು ಬೆಲೆ ಕೇಳುವ ಮೊದಲು ಅದರ ಬಾಯಿ ತೆರೆದು ನೋಡುತ್ತಾರೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ. ಈ ಲೆಕ್ಕವನ್ನು ಸಂತೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಅದರ ಹಿಂದೆ ಹಟ್ಟಿಯಲ್ಲೇ ಹುಟ್ಟಿದ ಕರುಗಳ ನೆನಪಿದೆ. ಯಾವ ಕರು ಯಾವ ಹಬ್ಬದ ಸುಮಾರಿಗೆ ಹುಟ್ಟಿತು, ಅದರ ಹಾಲುಹಲ್ಲು ಯಾವಾಗ ಬಿತ್ತು ಎಂದು ಕಂಡವರು ತಲೆಮಾರಿನಿಂದ ತಲೆಮಾರಿಗೆ ಆ ಲೆಕ್ಕವನ್ನು ತಾಳೆ ನೋಡಿಕೊಂಡು ಬಂದಿದ್ದಾರೆ. ಮೀನಿನ ವಯಸ್ಸು ಹೇಳುವಾಗಲೂ ಬೇಕಾದದ್ದು ಇಂಥದೇ ತಾಳೆ. ಮೀನಿನ ಮೈಮೇಲೆ ವಯಸ್ಸಿನ ಗುರುತು ಇರುತ್ತದೆ. ಆದರೆ ಆ ಗುರುತು ಈ ನೀರಿನಲ್ಲಿ ವರ್ಷಕ್ಕೆ ಎಷ್ಟು ಸಲ, ಯಾವ ತಿಂಗಳಲ್ಲಿ ಮೂಡುತ್ತದೆ ಎಂಬುದನ್ನು ಹುಟ್ಟಿದ ದಿನ ಗೊತ್ತಿರುವ ಮೀನಿನಿಂದಲೇ ಕಲಿಯಬೇಕು.

ಈ ಟಿಪ್ಪಣಿಯ ವ್ಯಾಪ್ತಿ ಕುಳಗೇರಿ ಕ್ರಾಸಿನ ಸುತ್ತಲಿನ ನೀರು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯಲ್ಲಿ ಕ್ರಾಸಿನಿಂದ ದಕ್ಷಿಣಕ್ಕೆ ಹೋದರೆ ಕೊಣ್ಣೂರಿನ ಬಳಿ ಮಲಪ್ರಭೆ ಸಿಗುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಇಳಿದು, ರಾಮದುರ್ಗ ದಾಟಿ ಬಂದ ಹೊಳೆ ಇಲ್ಲಿಂದ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಂಗಮದ ಜಾಗ ಈಗ ನಾರಾಯಣಪುರ ಜಲಾಶಯದ ಹಿನ್ನೀರು. ಉತ್ತರಕ್ಕೆ ಬಾಗಲಕೋಟೆಯ ಬಳಿ ಘಟಪ್ರಭೆಯ ಪಾತ್ರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಹೀಗೆ ಒಂದು ದಿನದ ಓಡಾಟದೊಳಗೆ ಮೂರು ಬಗೆಯ ನೀರು ಸಿಗುತ್ತದೆ: ಅಣೆಕಟ್ಟಿನ ಕೆಳಗಿದ್ದು ಬೇಸಿಗೆಯಲ್ಲಿ ಮಡುಗಳಾಗಿ ಒಡೆಯುವ ಹೊಳೆ, ಎತ್ತರದ ಏರಿಳಿತವಿರುವ ದೊಡ್ಡ ಜಲಾಶಯ, ಹೊಳೆಯೂ ಜಲಾಶಯವೂ ಕೂಡುವ ಹಿನ್ನೀರಿನ ಬಾಯಿ. ಒಂದೇ ಜಾತಿಯ ಮೀನು ಈ ಮೂರರಲ್ಲೂ ಒಂದೇ ವೇಗದಲ್ಲಿ ಬೆಳೆಯುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ. ಒಂದೇ ವೇಳಾಪಟ್ಟಿಯಲ್ಲಿ ವಯಸ್ಸಿನ ಗುರುತು ಹಾಕಿಕೊಳ್ಳುತ್ತದೆ ಎಂದು ನಂಬಲಂತೂ ಏನೇನೂ ಇಲ್ಲ.

ಮೊದಲು ಓದುವ ವಸ್ತುವಿನ ಬಗ್ಗೆ. ಮೀನು ಬೆಳೆದಂತೆ ಅದರ ಹುರುಪೆಗಳ ಸಂಖ್ಯೆ ಹೆಚ್ಚುವುದಿಲ್ಲ, ಪ್ರತಿಯೊಂದು ಹುರುಪೆಯೂ ದೊಡ್ಡದಾಗುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಸುತ್ತುಗೆರೆಗಳು ಸೇರುತ್ತಾ ಹೋಗುತ್ತವೆ. ಮೇವು ಚೆನ್ನಾಗಿ ಸಿಕ್ಕು ಮೈ ಬೆಳೆಯುವಾಗ ಗೆರೆಗಳ ನಡುವೆ ಅಂತರ ಹೆಚ್ಚು. ಬೆಳವಣಿಗೆ ಕುಂಠಿತವಾದಾಗ ಗೆರೆಗಳು ಒತ್ತೊತ್ತಾಗುತ್ತವೆ, ಕೆಲವು ಕಡೆ ತುಂಡಾಗುತ್ತವೆ, ಮತ್ತೆ ಬೆಳವಣಿಗೆ ಶುರುವಾದಾಗ ಹೊಸ ಗೆರೆ ಹಳೆಯದನ್ನು ಅಡ್ಡ ಕತ್ತರಿಸಿದಂತೆ ಬರುತ್ತದೆ. ಈ ಒತ್ತಾದ ಪಟ್ಟಿಯನ್ನೇ ಬಳೆ ಎನ್ನುತ್ತೇವೆ. ಬೆನ್ನಿನ ರೆಕ್ಕೆಯ ಮುಂಭಾಗದ ಕೆಳಗೆ, ಪಕ್ಕದ ಗೆರೆಗಿಂತ ಮೇಲಿನ ಜಾಗದಿಂದ ಹುರುಪೆ ತೆಗೆಯುವುದು ರೂಢಿ. ಒಂದು ಎಚ್ಚರ ಇಲ್ಲಿ ಬೇಕು: ಬಲೆಗೆ ಉಜ್ಜಿ ಅಥವಾ ಕಲ್ಲಿಗೆ ತಾಗಿ ಉದುರಿದ ಹುರುಪೆಯ ಜಾಗದಲ್ಲಿ ಹೊಸದು ಹುಟ್ಟಿದ್ದರೆ ಅದರ ನಡುಭಾಗ ಬರಿದಾಗಿರುತ್ತದೆ, ಮೊದಲಿನ ವರ್ಷಗಳ ದಾಖಲೆ ಅದರಲ್ಲಿ ಇರುವುದಿಲ್ಲ. ಅದಕ್ಕೇ ಒಂದು ಮೀನಿನಿಂದ ಹತ್ತಾದರೂ ಹುರುಪೆ ತೆಗೆಯಬೇಕು, ನಡು ಬರಿದಾದವನ್ನು ಬದಿಗಿಡಬೇಕು.

ಹುರುಪೆ ಇಲ್ಲದ ಮೀನಿನಲ್ಲಿ ಎಲುಬಿಗೆ ಹೋಗಬೇಕು. ಬಾಳೆ ಮೀನಿನ ಮೈ ನುಣುಪು. ಅದರಲ್ಲಿ ಬೆನ್ನುಮೂಳೆಯ ಮಣಿಗಳನ್ನು ಬಿಡಿಸಿ ಅವುಗಳ ಬಟ್ಟಲಿನಂಥ ಮುಖದ ಮೇಲಿನ ವೃತ್ತಗಳನ್ನು ಎಣಿಸುತ್ತಾರೆ. ಮೀಸೆಯಿದ್ದು ರೆಕ್ಕೆಗೆ ಗಟ್ಟಿ ಮುಳ್ಳಿರುವ ಜಾತಿಗಳಲ್ಲಿ ಆ ಮುಳ್ಳನ್ನು ತೆಳುವಾಗಿ ಅಡ್ಡ ಕೊಯ್ದು ನೋಡಬಹುದು. ಎಲ್ಲಕ್ಕಿಂತ ಹೆಚ್ಚು ವಿಶ್ವಾಸಕ್ಕೆ ತಕ್ಕದ್ದೆಂದು ಈಗ ಎಣಿಸಿರುವುದು ತಲೆಬುರುಡೆಯೊಳಗಿನ ಕಿವಿಗಲ್ಲು. ಮೀನು ಹಸಿದಾಗ ಹುರುಪೆಯ ಅಂಚು ಕರಗಬಹುದು, ಕಿವಿಗಲ್ಲು ಕರಗದು. ಒಮ್ಮೆ ಕೂಡಿದ ಪದರ ಅಲ್ಲೇ ಉಳಿಯುತ್ತದೆ. 1971ರಲ್ಲಿ ಜಾರ್ಜಿಯೋ ಪನ್ನೆಲ್ಲಾ ಅದರಲ್ಲಿ ದಿನಕ್ಕೊಂದರಂತೆ ಕೂಡುವ ಸೂಕ್ಷ್ಮ ಪದರಗಳನ್ನು ತೋರಿಸಿದ ಮೇಲೆ, ಮರಿ ಮೀನಿನ ವಯಸ್ಸನ್ನು ದಿನಗಳಲ್ಲೇ ಹೇಳುವ ದಾರಿ ತೆರೆಯಿತು. ನಮ್ಮ ಹೊಳೆಯ ಮುಖ್ಯ ಮೀನುಗಳಲ್ಲಿ ಹೆಚ್ಚಿನವು ಗೆಂಡೆಯ ಬಳಗದವು. ಈ ಬಳಗದಲ್ಲಿ ಮೂರು ಜೋಡಿ ಕಿವಿಗಲ್ಲುಗಳ ಆಕಾರ ಸಮುದ್ರ ಮೀನುಗಳಂತಿಲ್ಲ: ಅಲ್ಲಿ ದೊಡ್ಡದಾಗಿ ಓದಲು ಸುಲಭವಾಗಿರುವ ಜೋಡಿ ಇಲ್ಲಿ ಸೂಜಿಯಂತೆ ಸಣಕಲು. ಸಮುದ್ರ ಮೀನಿಗೆ ಬರೆದ ಕೈಪಿಡಿ ಹಿಡಿದು ಕಾಟ್ಲಾದ ತಲೆ ಸೀಳಿದವರಿಗೆ ಸೂಜಿ ಮುರಿದು ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೇರೆ ಎರಡು ಜೋಡಿಗಳನ್ನು ಹುಡುಕಿ ತೆಗೆಯುವ ಅಭ್ಯಾಸ ಬೇಕು.

ಬಳೆ ಎಣಿಸುವ ವಿದ್ಯೆ ತಂಪು ದೇಶಗಳಲ್ಲಿ ಹುಟ್ಟಿತು. 1759ರಲ್ಲಿ ಸ್ವೀಡನ್ನಿನ ಪಾದ್ರಿ ಹಾನ್ಸ್ ಹೆಡರ್‌ಸ್ಟ್ರೋಮ್ ಪೈಕ್ ಎಂಬ ಮೀನಿನ ಬೆನ್ನುಮೂಳೆಯ ಮಣಿಗಳಲ್ಲಿ ವರ್ಷಗಳನ್ನು ಎಣಿಸಿದರು. 1898ರಲ್ಲಿ ಹಾಫ್‌ಬಾವರ್ ಕೆರೆಯಲ್ಲಿ ಸಾಕಿದ ಗೆಂಡೆಯ ಹುರುಪೆಗಳನ್ನೂ, 1899ರಲ್ಲಿ ರೈಬಿಷ್ ಚಪ್ಪಟೆ ಮೀನಿನ ಕಿವಿಗಲ್ಲುಗಳನ್ನೂ ಓದಿದರು. ಹಾಫ್‌ಬಾವರ್ ಮಾಡಿದ್ದು ಸಾಕಿದ ಮೀನಿನ ಮೇಲೆ ಎಂಬುದನ್ನು ಗಮನಿಸಬೇಕು. ಅವರಿಗೆ ಮೀನಿನ ವಯಸ್ಸು ಮೊದಲೇ ಗೊತ್ತಿತ್ತು. ಆ ನಾಡುಗಳಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ, ಮೀನು ಮೇವು ಬಿಡುತ್ತದೆ, ಬಳೆ ಬೀಳುತ್ತದೆ. ಒಂದು ಚಳಿಗಾಲಕ್ಕೆ ಒಂದು ಬಳೆ ಎನ್ನುವುದು ಅಲ್ಲಿ ಹೆಚ್ಚುಕಡಿಮೆ ಸರಿಹೋಗುವ ಮಾತು.

ಅದೇ ಮಾತು ನಮ್ಮಲ್ಲಿ ಹೇಗೆ ನಿಲ್ಲಬೇಕು? ಈ ಪ್ರಶ್ನೆಯನ್ನು ಪಶ್ಚಿಮ ಕರಾವಳಿಯಲ್ಲಿ ಗಟ್ಟಿಯಾಗಿ ಎತ್ತಿದವರಲ್ಲಿ ಬಿ.ಎಸ್. ಭೀಮಾಚಾರ್ ಒಬ್ಬರು. 1941ರಲ್ಲಿ ಎ. ಸುಬ್ಬರಾವ್ ಅವರೊಂದಿಗೆ ಆಗಿನ ಕಡೂರು ಜಿಲ್ಲೆಯ ಮೀನುಗಳ ಬಗ್ಗೆ ಬರೆದು ಮೈಸೂರು ಸಂಸ್ಥಾನದ ಮೀನುಗಳ ಅಧ್ಯಯನಕ್ಕೆ ತಳಪಾಯ ಹಾಕಿದ ಈ ವಿದ್ವಾಂಸರು, ಮುಂದೆ ಜಿ. ಶೇಷಪ್ಪನವರ ಜೊತೆಗೂಡಿ ಮಲಬಾರ್ ನಂಗು ಮೀನಿನ ಹುರುಪೆಗಳನ್ನು ಪರೀಕ್ಷಿಸಿ 1951ರಲ್ಲೂ 1954ರಲ್ಲೂ ಪ್ರಬಂಧ ಪ್ರಕಟಿಸಿದರು. ನಂಗಿನ ಹುರುಪೆಯ ಮೇಲೆ ಬಳೆ ಇತ್ತು. ಆದರೆ ಅದು ಚಳಿಯ ಗುರುತಾಗಿರಲಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಸಮುದ್ರದ ತಳದ ಮೇವು ಕಡಿಮೆಯಾದಾಗ ಮೀನಿನ ಬೆಳವಣಿಗೆ ತಡೆದು ಆ ಗುರುತು ಮೂಡುತ್ತಿತ್ತು ಎಂದು ಅವರು ತೋರಿಸಿದರು. ಉಷ್ಣ ವಲಯದ ಮೀನಿನ ವಯಸ್ಸನ್ನು ಓದಲಾಗದು ಎಂಬ ಆಗಿನ ನಂಬಿಕೆಗೆ ಇದು ಉತ್ತರ. ನನ್ನ ಮಟ್ಟಿಗೆ ಆ ಪ್ರಬಂಧಗಳ ಬೆಲೆ ನಂಗಿನ ವಯಸ್ಸಿಗಿಂತ ಅವರು ಹಿಡಿದ ಕ್ರಮದಲ್ಲಿದೆ. ಬಳೆಯನ್ನು ಎಣಿಸಿ ಬಿಡದೆ, ಅದು ಬೀಳುವ ತಿಂಗಳನ್ನೂ ಬೀಳುವ ಕಾರಣವನ್ನೂ ಒಟ್ಟಿಗೆ ಹುಡುಕಿದರು.

ಆ ಕ್ರಮವನ್ನು ಮಲಪ್ರಭೆಗೆ ತಂದರೆ ಕಾರಣಗಳ ಸಾಲು ಉದ್ದವಾಗುತ್ತದೆ. ಮಾಘ ಕಳೆದು ಫಾಲ್ಗುಣ, ಚೈತ್ರಕ್ಕೆ ಬಂದಂತೆ ಕೊಣ್ಣೂರಿನ ಸುತ್ತ ಹರಿವು ಸೊರಗುತ್ತದೆ. ಮೀನು ಮಡುಗಳಲ್ಲಿ ದಟ್ಟೈಸುತ್ತದೆ. ನೀರು ಕಾದು, ಅದರಲ್ಲಿ ಕರಗಿದ ಆಮ್ಲಜನಕ ಇಳಿದು, ಇರುವ ಮೇವಿಗೆ ಬಾಯಿಗಳು ಹೆಚ್ಚುತ್ತವೆ. ಇಲ್ಲಿ ಒಂದು ಬಳೆ ಬೀಳಬಹುದು. ಜೂನ್ ಮೊದಲ ವಾರ ಮೃಗಶಿರಾ ಮಳೆ ಕೂಡಿ, ಆರಿದ್ರಾ, ಪುನರ್ವಸುಗಳಲ್ಲಿ ಹೊಳೆಗೆ ಹೊಸ ನೀರು ಬಂದಾಗ ಗೆಂಡೆ ಬಳಗದ ದೊಡ್ಡ ಮೀನುಗಳು ಮೇಲ್ಮುಖವಾಗಿ ಏರಿ ಮೊಟ್ಟೆಯಿಡುತ್ತವೆ. ಬಲಿತ ಹೆಣ್ಣು ಮೈಯ ಸತ್ವವನ್ನೆಲ್ಲ ಮೊಟ್ಟೆಗೆ ಹಾಕುವ ಕಾಲವದು, ಅಲ್ಲೂ ಒಂದು ಗುರುತು ಮೂಡಬಹುದು. ಬಲಿಯದ ಮರಿಯಲ್ಲಿ ಈ ಎರಡನೆಯ ಗುರುತು ಇರಲು ಕಾರಣವಿಲ್ಲ. ನೆರೆ ಜೋರಾದರೆ ಕೆಂಪು ರಾಡಿಯಲ್ಲಿ ಮೇವು ಕಾಣದೆ ಮೀನು ಕೆಲವು ವಾರ ಹಸಿಯುವುದುಂಟು. ಇದೆಲ್ಲದರ ಮೇಲೆ, ಈ ಹೊಳೆಯ ಹರಿವು ಮಳೆಯ ಕೈಯಲ್ಲಷ್ಟೇ ಇಲ್ಲ. ನವಿಲುತೀರ್ಥದ ಗೇಟು ಯಾವಾಗ ಎತ್ತಿದರು, ಕುಡಿಯುವ ನೀರಿಗೆಂದು ಯಾವಾಗ ಬಿಟ್ಟರು ಎಂಬುದೂ ಮಡುವಿನೊಳಗಿನ ಮೀನಿನ ಹೊಟ್ಟೆಯನ್ನು ನಿರ್ಧರಿಸುತ್ತದೆ. ಬೇಸಿಗೆಯ ನಡುವೆ ಬಿಟ್ಟ ನೀರು ಬೆಳವಣಿಗೆಯನ್ನು ಒಮ್ಮೆ ಎಬ್ಬಿಸಿ ಮತ್ತೆ ಮಲಗಿಸಿದರೆ ಒಂದೇ ವರ್ಷದಲ್ಲಿ ಎರಡು ಬಳೆ ಬೀಳುವುದು ಸಾಧ್ಯ. ಆಲಮಟ್ಟಿ, ನಾರಾಯಣಪುರಗಳಲ್ಲಿ ಕತೆ ಬೇರೆ: ಜುಲೈ–ಆಗಸ್ಟ್‌ನಲ್ಲಿ ತುಂಬುವ ನೀರು ಹೊಸ ದಂಡೆಯ ಹುಲ್ಲನ್ನೂ ಮಣ್ಣನ್ನೂ ಮುಳುಗಿಸಿ ಮೇವು ಹೆಚ್ಚಿಸುತ್ತದೆ, ನೀರಾವರಿಗೆ ಇಳಿಯುತ್ತಾ ಹೋದಂತೆ ಆ ದಂಡೆ ಒಣಗುತ್ತದೆ.

ಒಂದು ಬಳೆಯೋ ಎರಡೋ ಎಂಬ ಈ ಸಂದೇಹ ಪಂಡಿತರ ಚರ್ಚೆಗಷ್ಟೇ ಸೇರಿದ್ದೆಂದು ತೋರಬಹುದು. ಅದರ ಪರಿಣಾಮ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಇಲ್ಲಿನ ಅಂಕಿಗಳು ಯಾವ ಮೀನಿನ ಅಳತೆಯೂ ಅಲ್ಲ, ದಾರಿ ತೋರಿಸಲಷ್ಟೇ ಇಟ್ಟುಕೊಂಡವು. ಒಂದು ಜಾತಿಯ ಮೀನು ಸರಾಸರಿ 90 ಸೆಂ.ಮೀ.ಗೆ ಬೆಳವಣಿಗೆ ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳೋಣ. 60 ಸೆಂ.ಮೀ. ಉದ್ದದ ಮೀನುಗಳಲ್ಲಿ 6 ಬಳೆ ಕಾಣುತ್ತದೆ; ಸಿಕ್ಕ ಅತಿ ಹಳೆಯ ಮೀನಿನಲ್ಲಿ 12 ಬಳೆ. 1938ರಲ್ಲಿ ಲುಡ್ವಿಗ್ ಫಾನ್ ಬರ್ಟಲಾನ್ಫಿ ಕೊಟ್ಟ ಬೆಳವಣಿಗೆಯ ಸಮೀಕರಣ ಇಂದಿಗೂ ಬಳಕೆಯಲ್ಲಿದೆ. ಅದರ ಸಾರ ಇಷ್ಟೇ: ಮೀನು ತನ್ನ ಗರಿಷ್ಠ ಉದ್ದಕ್ಕೆ ಹತ್ತಿರವಾದಂತೆ ಬೆಳವಣಿಗೆ ನಿಧಾನವಾಗುತ್ತದೆ, ಆ ಹತ್ತಿರವಾಗುವ ವೇಗವನ್ನು ಒಂದು ವೇಗಾಂಕ ಹೇಳುತ್ತದೆ. ವರ್ಷಕ್ಕೊಂದು ಬಳೆ ಎಂದರೆ 60 ಸೆಂ.ಮೀ. ಮೀನಿಗೆ 6 ವರ್ಷ, ವೇಗಾಂಕ ಸುಮಾರು 0.18. ವರ್ಷಕ್ಕೆರಡು ಬಳೆ ಎಂದರೆ ಅದೇ ಮೀನಿಗೆ 3 ವರ್ಷ, ವೇಗಾಂಕ ಸುಮಾರು 0.37.

ಇನ್ನು ಸಾವಿನ ಲೆಕ್ಕ. ಅತಿ ಹಳೆಯ ಮೀನಿನ ವಯಸ್ಸಿನಿಂದ ಸಾವಿನ ದರವನ್ನು ಅಂದಾಜಿಸುವ ಸೂತ್ರವನ್ನು 1983ರಲ್ಲಿ ಹೋನಿಗ್ ಕೊಟ್ಟರು. ಹೆಚ್ಚು ಹಿಡಿತವಿಲ್ಲದ ನೀರಿನಲ್ಲಿ ಅದನ್ನು ಸಹಜ ಸಾವಿನ ದರವೆಂದು ತೆಗೆದುಕೊಳ್ಳಬಹುದು. 12 ವರ್ಷದ ಆಯುಸ್ಸಿಗೆ ಅದು ವರ್ಷಕ್ಕೆ ಸುಮಾರು 0.35 ಬರುತ್ತದೆ, ಅಂದರೆ ನೂರು ಮೀನಿನಲ್ಲಿ ವರ್ಷಾಂತ್ಯಕ್ಕೆ 70 ಉಳಿಯುತ್ತವೆ. 6 ವರ್ಷದ ಆಯುಸ್ಸಿಗೆ ದರ ಸುಮಾರು 0.70, ಉಳಿಯುವುದು 50ಕ್ಕೂ ತುಸು ಕಡಿಮೆ. ಹಿಡಿತದ ಒತ್ತಡ ಸಹಜ ಸಾವಿನ ದರವನ್ನು ಮೀರಬಾರದೆಂಬ ಒರಟು ನಿಯಮವನ್ನು ಅನುಸರಿಸುವ ಅಧಿಕಾರಿ ಎರಡನೆಯ ಓದನ್ನು ನಂಬಿದರೆ, ಮೊದಲನೆಯದಕ್ಕೆ ಎರಡರಷ್ಟು ಒತ್ತಡಕ್ಕೆ ಒಪ್ಪಿಗೆ ಕೊಟ್ಟಂತಾಯಿತು. ಮೀನು ಅದೇ, ಬಳೆಗಳು ಅವೇ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಕೊಂಡೊಯ್ದಾಗ ಒಂದು ವಿಶೇಷ ಕಾಣುತ್ತದೆ. ಒಂದೇ ವರ್ಷ ಹುಟ್ಟಿದ ಮೀನುಗಳ ಒಟ್ಟು ತೂಕ ಯಾವ ಉದ್ದದಲ್ಲಿ ಅತಿ ಹೆಚ್ಚಿರುತ್ತದೆ ಎಂದು ಹೇಳಲು ಬೆವರ್ಟನ್ ಕೊಟ್ಟ ಸೂತ್ರವೊಂದಿದೆ. ಅದಕ್ಕೆ ಬೇಕಾದದ್ದು ಗರಿಷ್ಠ ಉದ್ದ, ಮತ್ತು ಸಾವಿನ ದರವನ್ನು ಬೆಳವಣಿಗೆಯ ವೇಗಾಂಕದಿಂದ ಭಾಗಿಸಿದಾಗ ಬರುವ ಅಂಕಿ. ಮೇಲಿನ ಎರಡೂ ಓದುಗಳಲ್ಲಿ ಆ ಅಂಕಿ 1.9ರ ಸುಮಾರಿಗೇ ನಿಲ್ಲುತ್ತದೆ, ಏಕೆಂದರೆ ವಯಸ್ಸಿನ ತಪ್ಪು ಸಾವನ್ನೂ ಬೆಳವಣಿಗೆಯನ್ನೂ ಒಂದೇ ಪಾಲಿನಲ್ಲಿ ಹಿಗ್ಗಿಸುತ್ತದೆ. ಉತ್ತರ ಎರಡರಲ್ಲೂ 55 ಸೆಂ.ಮೀ. ಹಾಗಾಗಿ ಎಷ್ಟು ಉದ್ದದ ಮೇಲೆ ಹಿಡಿಯಬೇಕು, ಬಲೆಯ ಕಣ್ಣು ಎಷ್ಟಿರಬೇಕು ಎಂಬ ನಿಯಮಕ್ಕೆ ಬಳೆಯ ಈ ತಪ್ಪು ಹೆಚ್ಚು ಧಕ್ಕೆ ಮಾಡುವುದಿಲ್ಲ. ಧಕ್ಕೆ ಬೀಳುವುದು ಕಾಲಕ್ಕೆ ಸಂಬಂಧಿಸಿದ ನಿರ್ಧಾರಗಳಿಗೆ. ಮೀನು 55 ಸೆಂ.ಮೀ. ಮುಟ್ಟಲು ಒಂದು ಓದಿನಲ್ಲಿ 5 ವರ್ಷಕ್ಕೂ ಹೆಚ್ಚು ಬೇಕು, ಇನ್ನೊಂದರಲ್ಲಿ ಎರಡೂವರೆ ವರ್ಷ ಸಾಕು. ಬರಗಾಲದಲ್ಲಿ ಮಡು ಬತ್ತಿ ಮೀನು ನಾಶವಾದ ಮೇಲೆ ಹೊಳೆ ಚೇತರಿಸಿಕೊಳ್ಳಲು ಎಷ್ಟು ವರ್ಷ ಕಾಯಬೇಕು, ವರ್ಷಕ್ಕೆ ಎಷ್ಟು ಪಾಲು ಹಿಡಿಯಬಹುದು, ಮರಿ ಬಿತ್ತನೆಯ ಲಾಭ ಯಾವಾಗ ಕೈಗೆ ಬರುತ್ತದೆ: ಇವೆಲ್ಲ ವಯಸ್ಸಿನ ಮೇಲೆ ನಿಂತ ಪ್ರಶ್ನೆಗಳು. ಆದ್ದರಿಂದ ನನ್ನ ಅಭಿಪ್ರಾಯ ಇದು: ವಯಸ್ಸಿನ ತಾಳೆ ಆಗುವವರೆಗೆ ಬಲೆಯ ಕಣ್ಣಿನ ನಿಯಮವನ್ನು ತಡೆಹಿಡಿಯಬೇಕಿಲ್ಲ, ಉದ್ದ ಮತ್ತು ಬಲಿತ ಗಾತ್ರದ ಅಳತೆ ಸಾಕು. ವರ್ಷಕ್ಕೆ ಇಷ್ಟು ಟನ್ ಹಿಡಿಯಬಹುದು ಎಂಬ ಅಂಕಿಯನ್ನು ಮಾತ್ರ ತಾಳೆ ಇಲ್ಲದೆ ಹೇಳಬಾರದು.

ತಾಳೆ ಇಲ್ಲದ ವಯಸ್ಸು ಏನು ಮಾಡಬಲ್ಲದು ಎಂಬುದಕ್ಕೆ ಹೊರಗಿನ ಎರಡು ಪ್ರಕರಣ ಸಾಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಆಳ ಸಮುದ್ರದ ಆರೆಂಜ್ ರಫಿ ಎಂಬ ಮೀನನ್ನು ಬೇಗ ಬೆಳೆಯುವ ಸಾಧಾರಣ ಆಯುಸ್ಸಿನ ಮೀನೆಂದು ಮೊದಲು ಎಣಿಸಿದ್ದರು. 1991ರಲ್ಲಿ ಕಿವಿಗಲ್ಲಿನ ವಿಕಿರಣ ಧಾತುಗಳನ್ನು ಅಳೆದಾಗ ಅದು ನೂರು ವರ್ಷಕ್ಕೂ ಮಿಕ್ಕಿ ಬದುಕುತ್ತದೆ ಎಂದು ತಿಳಿಯಿತು. ಅಷ್ಟರಲ್ಲಿ ಹಲವು ನೆಲೆಗಳಲ್ಲಿ ಆ ಮೀನು ಬರಿದಾಗುವ ಹಂತಕ್ಕೆ ಬಂದಿತ್ತು. ಸಿಹಿನೀರಿನ ಪ್ರಕರಣ ನಮಗೆ ಇನ್ನೂ ಹತ್ತಿರ: ಉತ್ತರ ಅಮೆರಿಕದ ಬಿಗ್‌ಮೌತ್ ಬಫಲೋ, ನಮ್ಮ ಗೆಂಡೆಗಳ ದೂರದ ನೆಂಟ. 2019ರಲ್ಲಿ ಅಣುಬಾಂಬ್ ಪರೀಕ್ಷೆಗಳ ಕಾಲದ ಇಂಗಾಲದ ಗುರುತಿನಿಂದ ತಾಳೆ ನೋಡಿದಾಗ ಅದರ ಆಯುಸ್ಸು 112 ವರ್ಷವೆಂದು ಕಂಡಿತು. ಹಿಂದಿನ ಅಂದಾಜುಗಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಬಹುಕಾಲ ಅದನ್ನು ಕೆಲಸಕ್ಕೆ ಬಾರದ ಮೀನೆಂದು ಕಂಡವರೇ ಹೆಚ್ಚು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಜಾತಿಗಳ ವಯಸ್ಸನ್ನು ಯಾರೂ ಕೇಳುವುದಿಲ್ಲವೆಂಬುದು ನನಗೆ ಈ ಕತೆಯಲ್ಲಿ ಬಹಳ ನೋವು ಕೊಡುವ ಅಂಶ. ಕೃಷ್ಣೆಯ ಸ್ಥಳೀಯ ಮೀನುಗಳ ಪಾಡೂ ಬಹುಪಾಲು ಇದೇ.

ಹುರುಪೆ, ಎಲುಬು ಬೇಡ, ಉದ್ದವೇ ಸಾಕು ಎನ್ನುವ ಇನ್ನೊಂದು ದಾರಿ ಇದೆ. ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ತೋರಿಸಿದ್ದು ಅದನ್ನು: ಸಾವಿರಾರು ಮೀನಿನ ಉದ್ದ ಅಳೆದು ಪಟ್ಟಿ ಮಾಡಿದರೆ, ಒಂದೊಂದು ವರ್ಷ ಹುಟ್ಟಿದವು ಒಂದೊಂದು ಗುಡ್ಡೆಯಾಗಿ ಕಾಣುತ್ತವೆ, ತಿಂಗಳು ತಿಂಗಳು ಆ ಗುಡ್ಡೆ ಎಷ್ಟು ಸರಿಯಿತೆಂದು ನೋಡಿದರೆ ಬೆಳವಣಿಗೆ ಸಿಗುತ್ತದೆ. ಡೇನಿಯಲ್ ಪಾಲಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಗಣಕಕ್ಕೆ ಒಗ್ಗಿಸಿದ ಮೇಲೆ ಉಷ್ಣ ವಲಯದ ದೇಶಗಳಲ್ಲೆಲ್ಲ ಈ ದಾರಿ ಹರಡಿತು, ನಮ್ಮ ದೇಶದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಬಂಧಗಳಲ್ಲೂ ಅದು ತುಂಬಿದೆ. ಖರ್ಚು ಕಡಿಮೆ, ಮೀನು ಕೊಯ್ಯಬೇಕಿಲ್ಲ, ಮಾರುವವರ ಬುಟ್ಟಿಯ ಪಕ್ಕ ಕೂತು ಅಳೆಯಬಹುದು. ಇದಕ್ಕೆ ಬೆಲೆಯಿದೆ. ಆದರೆ ನಮ್ಮ ನೀರಿನಲ್ಲಿ ಮೂರು ತೊಡಕು. ಮೊಟ್ಟೆಯಿಡುವ ಕಾಲ ಉದ್ದವಾದರೆ ಗುಡ್ಡೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಲಿತ ಮೀನಿನ ಬೆಳವಣಿಗೆ ನಿಧಾನವಾದ್ದರಿಂದ ನಾಲ್ಕು ವರ್ಷದ್ದೂ ಆರು ವರ್ಷದ್ದೂ ಒಂದೇ ಉದ್ದದಲ್ಲಿ ಕಾಣುತ್ತವೆ. ಮೂರನೆಯದು ಬಲೆ: ಇಷ್ಟೇ ಕಣ್ಣಿನ ಬಲೆ ಇಂಥ ಗಾತ್ರದ ಮೀನನ್ನೇ ಹಿಡಿಯುತ್ತದೆ, ಆಗ ಪಟ್ಟಿಯಲ್ಲಿ ಕಾಣುವ ಗುಡ್ಡೆ ಮೀನಿನ ವಯಸ್ಸಿನದಲ್ಲ, ಬಲೆಯ ಕಣ್ಣಿನದು. ಗಣಕಕ್ಕೆ ಇದು ಗೊತ್ತಾಗುವುದಿಲ್ಲ. ಕೊಟ್ಟ ಪಟ್ಟಿಗೆ ಅದು ಯಾವಾಗಲೂ ಒಂದು ಉತ್ತರ ಕೊಡುತ್ತದೆ.

ಕರ್ನಾಟಕದ ಕರಾವಳಿ ಈ ವಿಷಯದಲ್ಲಿ ದೊಡ್ಡ ಪಾಠ. ಭೂತಾಯಿ ಮೀನಿನ ಹುರುಪೆಗಳನ್ನು ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯ್ಡು 1924ರಲ್ಲೇ ಬರೆದ ಜೀವನಚರಿತ್ರೆಯಲ್ಲಿ ಓದಿದ್ದರು. 1949ರಲ್ಲಿ ಆರ್.ವಿ. ನಾಯರ್ ಕಿವಿಗಲ್ಲಿನ ಬಳೆಗಳನ್ನು ನೋಡಿದರು. ಕಾರವಾರದಲ್ಲಿ ಜಿ.ಜಿ. ಅಣ್ಣಿಗೇರಿ ಅದೇ ಮೀನಿನ ಜೀವವಿಚಾರವನ್ನು ಅಭ್ಯಸಿಸಿ 1969ರಲ್ಲಿ ಪ್ರಕಟಿಸಿದರು. ಆಮೇಲೆ ಉದ್ದದ ಪಟ್ಟಿಯ ಮೇಲೆ ನಿಂತ ಅಧ್ಯಯನಗಳು ಬಂದವು. ದೇಶದಲ್ಲಿ ಇಷ್ಟು ಶ್ರದ್ಧೆಯಿಂದ ಅಭ್ಯಸಿಸಿದ ಮೀನು ವಿರಳ. ಆದರೂ ಮೊದಲ ವರ್ಷದ ಕೊನೆಗೆ ಅದು ಎಷ್ಟು ಉದ್ದವಿರುತ್ತದೆ ಎಂಬುದರಲ್ಲಿ ಈ ದಾರಿಗಳು ಒಮ್ಮತಕ್ಕೆ ಬರಲಿಲ್ಲ. ಭೂತಾಯಿಗೇ ಹೀಗಾದರೆ, ಯಾರೂ ಸರಿಯಾಗಿ ನೋಡದ ನಮ್ಮ ಹೊಳೆಯ ಸ್ಥಳೀಯ ಗೆಂಡೆಯಾದ ಕೆಮ್ಮೀನು, ಮತ್ತು ಬಾಳೆಗಳ ಬಗ್ಗೆ ಒಂದೇ ದಾರಿಯಿಂದ ಬಂದ ಅಂಕಿಯನ್ನು ಎಷ್ಟು ಎಚ್ಚರದಿಂದ ಹಿಡಿಯಬೇಕು!

ಇನ್ನು ತಾಳೆ ನೋಡುವ ಬಗೆ. ನಮ್ಮ ಜಲಾಶಯಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿತ್ತುತ್ತಾರೆ. ಇವು ಗಂಗಾ ಬಯಲಿನ ಮೀನುಗಳು, ಕೃಷ್ಣೆಗೆ ಹೊರಗಿನಿಂದ ಬಂದವು. ಸ್ಥಳೀಯ ಜಾತಿಗಳ ದೃಷ್ಟಿಯಿಂದ ಈ ಬಿತ್ತನೆಯ ಬಗ್ಗೆ ನನಗೆ ತಕರಾರುಗಳಿವೆ, ಅದು ಬೇರೆ ಟಿಪ್ಪಣಿಯ ವಿಷಯ. ವಯಸ್ಸಿನ ಅಧ್ಯಯನಕ್ಕೆ ಮಾತ್ರ ಇದರಿಂದ ಅಪರೂಪದ ಅನುಕೂಲವಿದೆ: ಕೇಂದ್ರದಲ್ಲಿ ಮರಿ ಮಾಡಿಸಿದ ದಿನವೂ ನೀರಿಗೆ ಬಿಟ್ಟ ದಿನವೂ ಬರೆದಿಡಬಹುದಾದ ಸಂಗತಿಗಳು. ದೊಡ್ಡ ಜಲಾಶಯಗಳಿಗೆ ಬಿಡಲು 100 ಮಿ.ಮೀ. ಮೀರಿದ ಬಲಿತ ಬಿತ್ತನೆ ಮರಿಗಳನ್ನೇ ಶಿಫಾರಸು ಮಾಡುತ್ತಾರೆ, ಸಣ್ಣವು ದೊಡ್ಡ ಮೀನಿನ ಬಾಯಿಗೆ ಹೋಗುತ್ತವೆ. ಆ ಗಾತ್ರದ ಮರಿಗಳ ಒಂದು ಪಾಲನ್ನು ಬಿಡುವ ಮೊದಲು ಅಲಿಜರಿನ್ ಅಥವಾ ಕ್ಯಾಲ್ಸೀನ್ ಬಣ್ಣದ ತಿಳಿ ದ್ರಾವಣದಲ್ಲಿ ಇಟ್ಟು ತೆಗೆದರೆ, ಬಣ್ಣ ಅಂದಿನ ಸುಣ್ಣದ ಪದರದೊಂದಿಗೆ ಬೆರೆತು ಕಿವಿಗಲ್ಲಿನಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ವರ್ಷಗಳ ನಂತರವೂ ತಕ್ಕ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹೊಳೆಯುತ್ತದೆ. ಆ ಹೊಳೆಯುವ ಗೆರೆಯಿಂದ ಅಂಚಿನವರೆಗೆ ಎಷ್ಟು ಬಳೆ ಬಿದ್ದಿದೆ, ನಡುವೆ ಎಷ್ಟು ವರ್ಷ ಕಳೆದಿದೆ: ಎರಡೂ ಕೂಡಿಬಂದರೆ ಆ ಜಲಾಶಯದಲ್ಲಿ ಆ ಜಾತಿಗೆ ಬಳೆಯ ಲೆಕ್ಕ ಸಾಬೀತಾದಂತೆ. ಈ ಜಾತಿಗಳು ಜಲಾಶಯದ ಮೇಲ್ಭಾಗದಲ್ಲಿ ತಾವೇ ಮರಿ ಮಾಡಿದರೂ ಬಣ್ಣದ ಗುರುತಿರುವವು ಬೇರೆಯಾಗಿಯೇ ನಿಲ್ಲುತ್ತವೆ.

ಕಾಟ್ಲಾಕ್ಕೆ ಸಾಬೀತಾದದ್ದನ್ನು ಕೆಮ್ಮೀನಿಗೆ ನೇರವಾಗಿ ಹಚ್ಚಲಾಗದು. ಆದರೆ ಒಂದೇ ನೀರಿನಲ್ಲಿ ಬೆಳವಣಿಗೆ ನಿಲ್ಲುವ ಕಾಲ ಯಾವುದೆಂದು ಅದು ಹೇಳುತ್ತದೆ. ಸ್ಥಳೀಯ ಜಾತಿಗೆ ಹುರುಪೆಯ ಅಂಚಿನ ಅಳತೆಯನ್ನು ಅದಕ್ಕೆ ಜೋಡಿಸಬೇಕು. ಅದು ಹೀಗೆ: ವರ್ಷವಿಡೀ ಪ್ರತಿ ತಿಂಗಳು ಒಂದಷ್ಟು ಮೀನಿನ ಹುರುಪೆ ತೆಗೆದು, ಕೊನೆಯ ಬಳೆಯಿಂದ ಅಂಚಿನವರೆಗಿನ ಅಂತರವನ್ನು ಅಳೆಯುವುದು. ಬಳೆ ಆಗಷ್ಟೇ ಬಿದ್ದ ತಿಂಗಳಲ್ಲಿ ಈ ಅಂತರ ಸೊನ್ನೆಯ ಹತ್ತಿರ ಇರುತ್ತದೆ, ಆಮೇಲೆ ಏರುತ್ತಾ ಹೋಗುತ್ತದೆ. ವರ್ಷದಲ್ಲಿ ಒಂದೇ ತಗ್ಗು ಕಂಡರೆ ಬಳೆ ಒಂದು, ಎರಡು ತಗ್ಗು ಕಂಡರೆ ಎರಡು. ಮರಿಗಳನ್ನೂ ಬಲಿತವನ್ನೂ ಬೇರೆ ಬೇರೆ ಪಟ್ಟಿಯಲ್ಲಿ ನೋಡಬೇಕು, ಏಕೆಂದರೆ ಮೊಟ್ಟೆಯ ಗುರುತು ಬಲಿತವುಗಳಲ್ಲಿ ಮಾತ್ರ ಇರಬಹುದು. ಹೊಳೆಯ ಮಡುವಿನದನ್ನೂ ಹಿನ್ನೀರಿನದನ್ನೂ ಒಂದೇ ಪಟ್ಟಿಗೆ ಸೇರಿಸಬಾರದು.

ಓದುವವರು ಇಬ್ಬರಿರಬೇಕು, ಹುರುಪೆ ಯಾವ ಗಾತ್ರದ ಮೀನಿನದು, ಯಾವ ತಿಂಗಳಿನದು ಎಂಬುದು ಇಬ್ಬರಿಗೂ ಗೊತ್ತಿರಬಾರದು. ದೊಡ್ಡ ಮೀನೆಂದು ತಿಳಿದ ಕಣ್ಣು ಒಂದು ಬಳೆ ಹೆಚ್ಚಿಗೆ ಕಾಣುತ್ತದೆ. ಇಬ್ಬರೂ ಒಂದೇ ಸಂಖ್ಯೆ ಹೇಳಿದರೆಂದು ಅದು ಸರಿಯಾದ ವಯಸ್ಸಾಗುವುದಿಲ್ಲ ಎಂಬುದನ್ನೂ ಮರೆಯಬಾರದು: ಇಬ್ಬರೂ ಒಂದೇ ತಪ್ಪನ್ನು ಅಚ್ಚುಕಟ್ಟಾಗಿ ಮಾಡಿರಬಹುದು. ಕೆನಡಾದ ಬೀಮಿಷ್ ಮತ್ತು ಮ್ಯಾಕ್‌ಫಾರ್ಲೇನ್ 1983ರಲ್ಲಿ ನೂರಾರು ವಯಸ್ಸಿನ ಅಧ್ಯಯನಗಳನ್ನು ಪರಿಶೀಲಿಸಿ, ಎಲ್ಲ ವಯಸ್ಸಿನ ಮೀನುಗಳಿಗೂ ತಾಳೆ ನೋಡಿದವು ತೀರ ಕೆಲವೇ ಎಂದು ಎಚ್ಚರಿಸಿದ್ದರು.

ಹಳೆಯ ಬಳೆಗಳ ಅಂತರದಿಂದ ಮೀನು ಚಿಕ್ಕಂದಿನಲ್ಲಿ ಎಷ್ಟಿತ್ತೆಂದು ಹಿಂದಕ್ಕೆ ಲೆಕ್ಕ ಹಾಕುವುದೂ ಒಂದು ಉಪಯೋಗ. ಇಲ್ಲಿ 1912ರಲ್ಲಿ ರೋಸಾ ಲೀ ಗುರುತಿಸಿದ ಒಂದು ಸಂಗತಿ ಬಹಳ ಮುಖ್ಯ. ಮುದಿ ಮೀನುಗಳ ಹುರುಪೆಯಿಂದ ಲೆಕ್ಕ ಹಾಕಿದಾಗ ಅವುಗಳ ಬಾಲ್ಯದ ಗಾತ್ರ ಈಗಿನ ಎಳೆಯ ಮೀನುಗಳಿಗಿಂತ ಚಿಕ್ಕದೆಂದು ಕಾಣುತ್ತದೆ. ಅದಕ್ಕೊಂದು ಮುಖ್ಯ ಕಾರಣ ಬಲೆ: ಬೇಗ ಬೆಳೆದವು ಬೇಗ ಬಲೆಗೆ ಸಿಕ್ಕುಹೋದವು, ನಿಧಾನ ಬೆಳೆದವು ಮುದಿಯಾಗಲು ಉಳಿದವು. ಕಿವಿರಿಗೆ ಸಿಕ್ಕಿಹಾಕಿಕೊಳ್ಳುವ ಬಲೆಯೇ ಹೆಚ್ಚಿರುವ ನಮ್ಮ ಹಿನ್ನೀರುಗಳಲ್ಲಿ ಈ ಸೋಸುವಿಕೆ ಎಷ್ಟು ನಡೆದಿದೆ ಎಂದು ಅಳೆಯಲು ಹುರುಪೆಯೇ ಸಾಕ್ಷಿ.

ಇನ್ನೊಂದು ಸಾಧ್ಯತೆಯನ್ನು ಪ್ರಶ್ನೆಯಾಗಿಯೇ ಮುಂದಿಡುತ್ತೇನೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಬಳಿ ಹೆದ್ದಾರಿಯೇ ಮುಚ್ಚಿತು, ದಂಡೆಯ ಊರು ಹೊಲಗಳು ಮುಳುಗಿದವು. ಜನರಿಗೆ ಅದು ದೊಡ್ಡ ಸಂಕಟದ ವರ್ಷ. ಮೀನಿಗೆ? ನೆರೆ ಹೊಲದ ಮೇಲೆ ಹರಡಿದಾಗ ಮರಿಗಳಿಗೆ ಮೇವೂ ಮರೆಯೂ ಸಿಗುತ್ತದೆ. ಅತಿ ಸೆಳೆತವಾದರೆ ಮೊಟ್ಟೆ, ಮರಿ ಕೊಚ್ಚಿಹೋಗುತ್ತವೆ. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಪ್ರಕಟಿಸಿದ ಹೆರಿಂಗ್ ಅಧ್ಯಯನ, 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ವರ್ಷಾನುಗಟ್ಟಲೆ ಆ ದೇಶದ ಬಲೆಗಳನ್ನು ತುಂಬಿದ್ದನ್ನು ಹುರುಪೆ ಎಣಿಸಿಯೇ ತೋರಿಸಿತು. ಮಲಪ್ರಭೆಯಲ್ಲಿ 2019ರ ಪೀಳಿಗೆ ಹೆಚ್ಚೋ ಕಡಿಮೆಯೋ ಎಂಬುದು ಈಗಿನ ಬಲಿತ ಕೆಮ್ಮೀನುಗಳ ವಯಸ್ಸಿನ ಹಂಚಿಕೆಯಲ್ಲಿ ಕಾಣಬೇಕು. ಹೆಚ್ಚೆಂದು ಕಂಡರೆ, ವರ್ಷ ವರ್ಷಕ್ಕೆ ಆ ಗುಂಪು ಒಂದೊಂದು ಬಳೆ ಮುಂದೆ ಸರಿಯುತ್ತಿದೆಯೇ ಎಂದು ನೋಡುವುದೇ ಇನ್ನೊಂದು ತಾಳೆಯಾಗುತ್ತದೆ.

ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದರ ಬಗ್ಗೆ ನನ್ನ ಶಿಫಾರಸು ಸ್ಪಷ್ಟ. ಕೊಣ್ಣೂರಿನ ಹೊಳೆ, ಬಾಗಲಕೋಟೆಯ ಹಿನ್ನೀರು, ಕೂಡಲಸಂಗಮ, ಈ ಮೂರು ಕಡೆ ಮೊದಲು ಕೆಮ್ಮೀನು ಮತ್ತು ಬಾಳೆ, ಆಮೇಲೆ ಕಾಟ್ಲಾ. ಹಿಡಿಯುವ ಅಂಬಿಗರನ್ನು ಮಾದರಿ ಕೊಡುವವರನ್ನಾಗಿ ಮಾತ್ರ ಕಾಣದೆ ದಾಖಲೆ ಬರೆಯುವವರನ್ನಾಗಿ ಸೇರಿಸಿಕೊಳ್ಳಬೇಕು, ಅವರ ಹೊತ್ತಿಗೆ ತಕ್ಕ ಕೂಲಿ ಕೊಡಬೇಕು. ಯಾವ ಮಡು ಯಾವ ವಾರ ಬತ್ತಿತು, ಹೊಸ ನೀರಿಗೆ ಮೀನು ಯಾವ ಮಳೆಯಲ್ಲಿ ಏರಿತು ಎಂಬುದು ಅವರ ಬಾಯಲ್ಲಿರುವ ಮಾಹಿತಿ. ಅದಿಲ್ಲದೆ ಅಂಚಿನ ಅಳತೆಗೆ ಅರ್ಥ ಹಚ್ಚಲಾಗದು. ಬೇಕಾದ ಸಾಮಗ್ರಿ ಅಗ್ಗ: ಅಳತೆಪಟ್ಟಿ, ತಕ್ಕಡಿ, ಸಣ್ಣ ಕಾಗದದ ಲಕೋಟೆಗಳು, ಪೆನ್ಸಿಲ್. ನೀರು ತಾಗಿದರೆ ಪೆನ್ನಿನ ಶಾಯಿ ಅಳಿಸುತ್ತದೆ. ಲಕೋಟೆಯ ಮೇಲೆ ಜಾತಿ, ತಾರೀಖು, ಜಾಗ, ಒಟ್ಟು ಉದ್ದ, ತೂಕ, ಗಂಡೋ ಹೆಣ್ಣೋ, ಮೊಟ್ಟೆಯ ಸ್ಥಿತಿ, ಬಲೆಯ ಕಣ್ಣಿನ ಅಳತೆ. ಒಳಗೆ ಲೋಳೆ ಒರೆಸಿದ ಹತ್ತು ಹುರುಪೆ. ಬಾಳೆಯಾದರೆ ಮಾಂಸ ಬಿಡಿಸಿ ಒಣಗಿಸಿದ ನಾಲ್ಕೈದು ಮಣಿಗಳು. ಇದರ ಜೊತೆ ನವಿಲುತೀರ್ಥದಿಂದ ನೀರು ಬಿಟ್ಟ ದಿನಗಳ ಪಟ್ಟಿ ಮತ್ತು ಮಡುವಿನ ನೀರಿನ ಉಷ್ಣತೆಯ ವಾರದ ದಾಖಲೆ. ಮೃಗಶಿರಾ ಮಳೆಗೆ ಮೊದಲು, ಮಡು ಕಿರಿದಾಗಿರುವ ತಿಂಗಳುಗಳಲ್ಲೇ ಸಂಗ್ರಹ ಆರಂಭವಾಗಬೇಕು. ಮಳೆ ಬಿದ್ದ ಮೇಲೆ ಶುರುಮಾಡಿದರೆ ಬೇಸಿಗೆಯ ಬಳೆ ಬೀಳುವ ಹೊತ್ತು ತಪ್ಪಿಹೋಗಿ, ಅದಕ್ಕೆ ಮತ್ತೊಂದು ವರ್ಷ ಕಾಯಬೇಕಾಗುತ್ತದೆ.